ಬಾಚಣಿಗೆ ಚಿಕ್ಕಮ್ಮನ ಸಣ್ಣ ಜಾಲರಿ

ನಮ್ಮ ಚಿಕ್ಕಮ್ಮನನ್ನು ಎಲ್ಲರೂ ಬಾಚಣಿಗೆ ಎಂದೇ ಕರೆಯುವುದು. ತಲೆ ಬಾಚಿಕೊಳ್ಳುವುದರಲ್ಲಿ ಅವಳಿಗೆ ಅಂಥ ಆಸಕ್ತಿಯೇನೂ ಇಲ್ಲ. ಎದ್ದಾಗ ಸುತ್ತಿದ ತುರುಬನ್ನು ಬಿಚ್ಚುವುದು ಮಲಗುವಾಗಲೇ. ಅವಳು ಬಾಚುವುದು ನದಿಯನ್ನು. ಅಣೆಕಟ್ಟಿನ ಮೇಲೆ ಹಳಿಗಳಿವೆ, ಹಳಿಗಳ ಮೇಲೆ ಒಂದು ಯಂತ್ರ, ಯಂತ್ರಕ್ಕೆ ಉಕ್ಕಿನ ಹಗ್ಗದಲ್ಲಿ ತೂಗುಬಿಟ್ಟ ಕಬ್ಬಿಣದ ಹಲ್ಲುಗಳ ದೊಡ್ಡ ಸಾಲು. ಕೆಳಗೆ, ವಿದ್ಯುತ್ ಮಾಡುವ ಚಕ್ರಗಳ ಕಡೆಗೆ ನೀರು ನುಗ್ಗುವ ಬಾಯಿಗೆ ಅಡ್ಡಲಾಗಿ ಉದ್ದುದ್ದ ಕಂಬಿಗಳನ್ನು ನಿಲ್ಲಿಸಿದ್ದಾರೆ. ನದಿ ಹೊತ್ತು ತಂದ ಕಸವೆಲ್ಲ ಆ ಕಂಬಿಗಳಿಗೆ ಬಂದು ಅಂಟಿಕೊಳ್ಳುತ್ತದೆ. ಚಿಕ್ಕಮ್ಮ ಹಲ್ಲುಸಾಲನ್ನು ತಳದವರೆಗೆ ಇಳಿಸಿ, ಕಂಬಿಗುಂಟ ಮೇಲಕ್ಕೆ ಬಾಚಿ, ಬಂದದ್ದನ್ನು ನನ್ನ ಟ್ರೇಲರಿಗೆ ಸುರಿಯುತ್ತಾಳೆ. ನಾನು ಕಸದ ಟ್ರ್ಯಾಕ್ಟರ್ ಓಡಿಸುವವಳು. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ನಾನು ಕಣ್ಣಾರೆ ಕಂಡದ್ದು. ಕಾಣದ್ದನ್ನು ಚಿಕ್ಕಮ್ಮ ಹೇಳಿದ್ದಾಳೆ, ಒಂದಕ್ಕೆರಡು ಸೇರಿಸಿ.

ನನ್ನ ಅಮ್ಮ ಅವಳ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಚಿಕ್ಕಮ್ಮ, ಚಿಕ್ಕಪ್ಪ. ಅಣೆಕಟ್ಟಿನ ಕೆಲಸಗಾರರ ಮನೆಗಳ ಸಾಲಿನಲ್ಲಿ ನಮ್ಮದು ಕೊನೆಯದು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರ ಹಿಂದೆ ತಗಡಿನ ಶೆಡ್ಡು. ಶೆಡ್ಡು ಚಿಕ್ಕಪ್ಪನದು. ಅವರು ವೆಲ್ಡರ್. ಊಟದ ಮೇಜಿನ ಸುತ್ತ ಇರುವ ಕುರ್ಚಿಗಳಲ್ಲಿ ಒಂದೂ ಇನ್ನೊಂದರ ಹಾಗಿಲ್ಲ, ಏಕೆಂದರೆ ಅವೆಲ್ಲ ನದಿಯಿಂದ ಬಂದವು. ನದಿ ಏನನ್ನು ತಾನೆ ತರುವುದಿಲ್ಲ! ಎಲೆ, ಕೊಂಬೆ, ಬಾಟಲಿ, ಜೋಡಿಯಿಲ್ಲದ ಚಪ್ಪಲಿ. ಒಮ್ಮೆ ಇಡೀ ಸೋಫಾ ಬಂದಿತ್ತು. ಚಿಕ್ಕಮ್ಮ ಅದನ್ನು ಅಣೆಕಟ್ಟಿನ ಮೇಲೆ ಒಣಗಲು ಬಿಟ್ಟು, ಒಂದಿಡೀ ಬೇಸಿಗೆ ಅದರ ಮೇಲೆ ಕೂತು ಟೀ ಕುಡಿದಳು. ಸೋಫಾ ಕಳೆದುಕೊಂಡವರು ಯಾರಾದರೂ ಕೇಳಿಕೊಂಡು ಬಂದರೆ ಏನು ಹೇಳುತ್ತೀ ಎಂದು ನಾನು ಕೇಳಿದ್ದೆ. "ಕೂತ್ಕೊಳ್ಳಿ, ಟೀ ಕುಡೀತೀರಾ ಅಂತೀನಿ" ಅಂದಳು.

ಅವಳಿಗೆ ಈ ಕೆಲಸ ಸಿಕ್ಕಿದ್ದೂ ಹೀಗೆ ಬಾಯಿಯಿಂದಲೇ. ಮೊದಲು ಯಂತ್ರ ನಡೆಸುತ್ತಿದ್ದ ಮನುಷ್ಯ ಸೊಂಟ ಹಿಡಿದು ಹಾಸಿಗೆ ಸೇರಿದ. ಗಾಳಿಗೆ, ಚಳಿಗೆ, ಕೊಳೆತ ವಾಸನೆಗೆ ಹೆದರಿ ಬೇರೆ ಯಾರೂ ಮುಂದೆ ಬರಲಿಲ್ಲ. ಚಿಕ್ಕಪ್ಪ ಮನೆಗೆ ಬಂದು ಈ ಸುದ್ದಿ ಹೇಳಿದರು. ಬೆಳಗಾಗುವುದರೊಳಗೆ ಚಿಕ್ಕಮ್ಮ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. "ಯಂತ್ರ ನಡೆಸಿ ಅಭ್ಯಾಸ ಇದೆಯಾ?" ಎಂದು ಆಗಿನ ಇಂಜಿನಿಯರು ಕೇಳಿದರಂತೆ. "ಇಷ್ಟು ವರ್ಷದಿಂದ ಗಂಡನ್ನ ನಡೆಸ್ಕೊಂಡು ಬಂದಿದೀನಿ ಸಾರ್, ಇದೇನು ಮಹಾ?" ಅಂದಳಂತೆ. ಪಕ್ಕದಲ್ಲೇ ಚಿಕ್ಕಪ್ಪ ನಿಂತಿದ್ದರು. ಅವರು ನಕ್ಕರೋ ಇಲ್ಲವೋ ಯಾರಿಗೂ ನೆನಪಿಲ್ಲ. ನಮ್ಮ ಮನೆಯಲ್ಲಿ ಮಾತು ಕಡಿಮೆ ಆಡುವವರು ಅವರೊಬ್ಬರೇ, ಅದೂ ಸ್ವಭಾವದಿಂದಲ್ಲ, ಅವಕಾಶ ಸಿಗದೆ.

ಇನ್ನು ಹಾವುಮೀನಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಕಥೆ ಇರುವುದೇ ಅದರಲ್ಲಿ.

ನಮ್ಮ ನದಿಯ ಹಾವುಮೀನು ನೋಡಲು ಹಾವು, ಆದರೆ ಪಾಪದ ಪ್ರಾಣಿ. ಹುಟ್ಟುವುದು ಎಲ್ಲೋ ದೂರದ ಸಮುದ್ರದಲ್ಲಿ. ಹೊಲಿಗೆ ದಾರದಷ್ಟು ತೆಳ್ಳಗಿರುವಾಗ ನದಿ ಹತ್ತಿ ಬರುತ್ತದೆ. ಅಣೆಕಟ್ಟಿನ ಪಕ್ಕದ ಗೋಡೆ ಸೋರುವ ಕಡೆ, ಪಾಚಿ ಹಿಡಿದ ಒದ್ದೆ ಕಲ್ಲಿನ ಮೇಲೆ ಆ ದಾರಗಳು ತೆವಳಿಕೊಂಡು ಮೇಲೇರುವುದನ್ನು ನಾನೇ ನೋಡಿದ್ದೇನೆ. ಮೇಲಿನ ಹಳ್ಳಕೊಳ್ಳಗಳಲ್ಲಿ ಅದು ವರ್ಷಾನುಗಟ್ಟಲೆ ಇರುತ್ತದೆ, ನನ್ನ ತೋಳಿನಷ್ಟು ದಪ್ಪ ಆಗುತ್ತದೆ. ಆಮೇಲೆ ಒಂದು ವರ್ಷ ಅದಕ್ಕೆ ಏನೋ ಆಗುತ್ತದೆ. ಹೊಟ್ಟೆ ಬೆಳ್ಳಗೆ ಮಿನುಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ತಿನ್ನುವುದನ್ನೇ ಬಿಡುತ್ತದೆ. ಬೇಸಿಗೆ ಮುಗಿದು ಮೊದಲ ಮಳೆಯ ಕೆಂಪು ನೀರು ಬಂದಾಗ ಸಮುದ್ರದ ಕಡೆ ಹೊರಟುಬಿಡುತ್ತದೆ. ಅಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಬದುಕಿನಲ್ಲಿ ಒಂದೇ ಸಲ ಇಳಿಯುವುದು, ಒಂದೇ ಸಲ ಮರಿ ಮಾಡುವುದು. ಆ ಒಂದು ಸಲ ದಾರಿಯಲ್ಲಿ ಸತ್ತರೆ ಅದು ಬದುಕಿದ್ದೆಲ್ಲ ನೀರು ಪಾಲು.

ದಾರಿಯಲ್ಲಿ ನಮ್ಮ ಅಣೆಕಟ್ಟಿದೆ. ಹಳೆಯ ಕಂಬಿಗಳ ನಡುವೆ ಹಾವುಮೀನು ಸಲೀಸಾಗಿ ನುಸುಳುತ್ತದೆ, ನುಸುಳಿ ನೇರ ಚಕ್ರದೊಳಗೆ ಹೋಗುತ್ತದೆ. ಚಿಕ್ಕ ಮೀನಾದರೆ ಕೆಲವೊಮ್ಮೆ ಬಚಾವಾಗಿ ಆಚೆ ಬರುತ್ತದೆ. ಇಷ್ಟುದ್ದದ ಮೀನು ಬಚಾವಾಗುವುದು ಎಲ್ಲೋ ಒಂದೊಂದು. ಕೆಳಗೆ ನೀರು ಹೊರಬೀಳುವ ಕಡೆ ತುಂಡುಗಳು ತೇಲುತ್ತಿದ್ದವು. ಕಾಗೆ, ಹದ್ದುಗಳಿಗೆ ಅದು ಯಾವ ಕಾಲ ಎಂದು ಗೊತ್ತಿತ್ತು. ಮೊದಲ ಕೆಂಪು ನೀರಿಗೆ ಮುಂಚೆಯೇ ಬಂದು ಕೂರುತ್ತಿದ್ದವು. ಚಿಕ್ಕಮ್ಮ ಹುಡುಗಿಯಾಗಿದ್ದಾಗ ಈ ನದಿಯಲ್ಲಿ ಕಾಲಿಟ್ಟರೆ ಹಾವುಮೀನು ಮೆಟ್ಟಬೇಕಿತ್ತಂತೆ. ನಾನು ದೊಡ್ಡವಳಾಗುವ ಹೊತ್ತಿಗೆ ಹುಡುಕಿದರೂ ಸಿಗುವುದು ಕಷ್ಟವಾಗಿತ್ತು. ಅದೂ ಸಾಲದು ಅಂತ ಮಳೆ ಬೇರೆ ಬುದ್ಧಿ ಬದಲಾಯಿಸಿತು. ಮೊದಲೆಲ್ಲ ಮಳೆ ಹದವಾಗಿ ಶುರುವಾಗಿ ನೀರು ಮೆಲ್ಲಗೆ ಏರುತ್ತಿತ್ತು, ಹಾವುಮೀನುಗಳೂ ಇಂದಿಷ್ಟು ನಾಳೆಯಿಷ್ಟು ಎಂದು ಇಳಿಯುತ್ತಿದ್ದವು. ಈಗ ಬಿಸಿಲು ಎಳೆದೆಳೆದು, ಇನ್ನು ಮಳೆಯೇ ಇಲ್ಲ ಎನ್ನುವಾಗ ಒಮ್ಮೆಲೇ ಸುರಿಯುತ್ತದೆ. ಅಷ್ಟೂ ಮೀನು ಕಾದು ಕಾದು ಒಟ್ಟಿಗೇ ಹೊರಡುತ್ತವೆ.

ಆ ತುಂಡುಗಳನ್ನು ನೋಡಿ ನೋಡಿ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ಕಂಬಿ ಸಂದಿ ಅಷ್ಟು ಅಗಲ ಇದ್ರೆ ನುಗ್ಗದೆ ಏನು ಮಾಡ್ತವೆ? ಮುಂದೆ ಸಣ್ಣ ಜಾಲರಿ ಹಾಕಿದ್ರೆ ಆಯ್ತಪ್ಪ" ಎಂದಳು ಒಂದು ದಿನ ಊಟಕ್ಕೆ ಕೂತಾಗ. ಚಿಕ್ಕಪ್ಪ ತುತ್ತು ನುಂಗಿ, ಬೆರಳಿನಿಂದ ಮೇಜಿನ ಮೇಲೆ ಗೀಟೆಳೆದು ನೋಡಿದರು. ಅಷ್ಟು ಸಾಕಿತ್ತು, ಅವಳು ಹಟ ಹಿಡಿದಳು.

ಆಗ ಬಂದಿದ್ದ ಇಂಜಿನಿಯರ್ ಮೇಡಂ ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರು. ಏನು ಹೇಳಿದರೂ "ನೋಡೋಣ" ಅನ್ನುವುದು ಅವರ ರೂಢಿ. ಚಿಕ್ಕಮ್ಮ ಅವರಿಗೆ ನೋಡೋಣ ಮೇಡಂ ಎಂದೇ ಹೆಸರಿಟ್ಟಿದ್ದಳು. ಮೇಡಂ ಜಾಲರಿಯ ಮಾತು ಕೇಳಿ ಬೇಡ ಅನ್ನಲಿಲ್ಲ. "ಜಾಲರಿ ಸಣ್ಣದಾದಷ್ಟೂ ಮೀನು ಒಳಗೆ ಹೋಗಲ್ಲ, ನಿಜ. ಆದ್ರೆ ನೀರಿನ ಎಳೆತ ಜೋರಾಗಿದ್ದಾಗ ಅವು ವಾಪಸ್ ಈಜಿ ತಪ್ಪಿಸ್ಕೋಬಹುದಾ? ಅದನ್ನ ಮೊದಲು ನೋಡೋಣ" ಅಂದರು. ಸರಿಯಾದ ಪ್ರಶ್ನೆ. ಆದರೆ ಚಿಕ್ಕಮ್ಮನಿಗೆ ಆ ದಿನ ಕೇಳಿಸಿದ್ದು ಕೊನೆಯ ಮಾತೊಂದೇ. "ನೀವು ನೋಡ್ತಾ ಇರಿ ಮೇಡಂ, ಅಷ್ಟರಲ್ಲಿ ನದೀಲಿ ನೋಡೋಕೆ ಏನೂ ಉಳಿದಿರಲ್ಲ" ಎಂದು ದಿನಾ ಬೆನ್ನು ಬಿದ್ದಳು. ಕಚೇರಿಗೆ ಹೋದಾಗ, ಊಟದ ಹೊತ್ತಿಗೆ, ಮೇಡಂ ಹಲ್ಲು ನೋವೆಂದು ಕೆನ್ನೆ ಹಿಡಿದು ಕೂತಿದ್ದಾಗ ಕೂಡ. ಕೊನೆಗೆ ಮೇಡಂ ಮೇಲಿನವರಿಗೆ ಹೇಳಿ ಒಪ್ಪಿಗೆ ತಂದರು. ಹಲ್ಲು ನೋವೇ ಗೆಲ್ಲಿಸಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಜಾಲರಿ ಮಾಡಿದ್ದು ನಮ್ಮ ಶೆಡ್ಡಿನಲ್ಲಿ. ಚಿಕ್ಕಪ್ಪ ಅದಕ್ಕೆ ತಮ್ಮ ಬಾಯಲ್ಲಿ ಆಡದೆ ಉಳಿದಿದ್ದ ಮಾತನ್ನೆಲ್ಲ ಸುರಿದರೇನೋ ಅನ್ನುವ ಹಾಗೆ ದುಡಿದರು. ಒಂದೊಂದು ಬೆಸುಗೆಯನ್ನೂ ತಿಕ್ಕಿ ನುಣ್ಣಗೆ ಮಾಡಿ, ಮೀನಿನ ಮೈ ತರಚಬಾರದು ಎಂದು ಕೈಯಾಡಿಸಿ ನೋಡುತ್ತಿದ್ದರು. ಕ್ರೇನಿನಲ್ಲಿ ಎತ್ತಿ ಕಂಬಿಗಳ ಮುಂದೆ ಇಳಿಸಿದ ದಿನ ಚಿಕ್ಕಮ್ಮ ನನ್ನ ಕೈ ಹಿಂಡಿ ಹಿಂಡಿ ಕೆಂಪಾಗಿಸಿದ್ದಳು.

ಮೊದಲ ವರ್ಷ ಜಾಲರಿ ಗೆದ್ದಿತು. ಆ ವರ್ಷ ಮಳೆ ಅಪರೂಪಕ್ಕೆ ಹಳೆಯ ಲೆಕ್ಕದಲ್ಲೇ ಬಂತು, ನೀರು ನಿಧಾನವಾಗಿ ಏರಿತು. ಕೆಳಗೆ ಒಂದು ತುಂಡೂ ತೇಲಲಿಲ್ಲ. ಕಾಗೆಗಳು ಕಾದು ಕಾದು ಬೇಸತ್ತು ಹೋದವು. ಪತ್ರಿಕೆಯವರು ಬಂದು ಚಿಕ್ಕಮ್ಮನ ಫೋಟೋ ತೆಗೆದರು. ಆ ದಿನ ತಲೆ ಬಾಚಿಕೊಂಡಿದ್ದಳು, ಅದನ್ನು ನಾನು ಮರೆಯಲಾರೆ. ಫೋಟೋ ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಒಗ್ಗರಣೆಯ ಹೊಗೆಗೆ ಅದು ಹಳದಿಯಾದರೂ ಜಂಬ ಇಳಿಯಲಿಲ್ಲ. ತರಕಾರಿ ಅಂಗಡಿಯವನು ಹಾವುಮೀನಿನ ಕ್ಷೇಮ ಸಮಾಚಾರ ವಿಚಾರಿಸುವಷ್ಟರ ಮಟ್ಟಿಗೆ ಅವಳು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮುಂದಿನ ವರ್ಷ ಪಕ್ಕದ ನದಿಯ ಅಣೆಕಟ್ಟಿನವರು ಹೇಳಿ ಕಳಿಸಿದರು: ನಿಮ್ಮ ಜಾಲರಿ ನೋಡಬೇಕು, ನಮಗೂ ಅಂಥದ್ದೇ ಬೇಕು, ಮಾಡಿಕೊಡುತ್ತೀರಾ. ಅವರದು ನಮ್ಮದರ ಎರಡರಷ್ಟು ದೊಡ್ಡ ಅಣೆಕಟ್ಟು. ಚಿಕ್ಕಪ್ಪನ ಶೆಡ್ಡಿಗೆ ಅಂಥ ಕೆಲಸ ಎಂದೂ ಬಂದಿರಲಿಲ್ಲ. ಅವರು ಹೊಸ ಪ್ಯಾಂಟು ಹೊಲಿಸಿಕೊಂಡರು, ಶೆಡ್ಡಿನ ಹಿಂದಿನ ಗೋಡೆ ಒಡೆದು ಜಾಗ ದೊಡ್ಡದು ಮಾಡಬೇಕೆಂದು ಅಳತೆ ತೆಗೆದರು, ಒಂದು ಸಂಜೆ ತಾವಾಗಿಯೇ ಮಾತಾಡಿದರು ಕೂಡ: "ಇಬ್ಬರು ಹುಡುಗರನ್ನ ಇಟ್ಕೋಬೇಕಾಗುತ್ತೆ." ಚಿಕ್ಕಮ್ಮ ನನ್ನ ಕಡೆ ನೋಡಿ ಕಣ್ಣು ಹೊಡೆದಳು.

ಅವರು ಬರುವ ಹಿಂದಿನ ದಿನದವರೆಗೂ ಆಕಾಶದಲ್ಲಿ ಮೋಡವಿರಲಿಲ್ಲ. ಮಳೆ ಬರಬೇಕಾದ ಕಾಲ ಎಂದೋ ದಾಟಿತ್ತು, ನದಿಯ ನೀರು ಕಾದ ಹಂಡೆಯ ಹಾಗಿತ್ತು. ಆ ಸಂಜೆ ಒಮ್ಮೆಲೇ ಸುರಿಯತೊಡಗಿತು. ನೀರು ಸಿಕ್ಕಿದ್ದೇ ತಡ, ನಾಲ್ಕೂ ಚಕ್ರಗಳನ್ನು ಪೂರ್ತಿ ಓಡಿಸಿ ಎಂದು ಮೇಲಿನಿಂದ ಆದೇಶ ಬಂತು. ನಾವು ಕೇಳಿ ಹೆಮ್ಮೆಪಟ್ಟೆವು, ನೆಂಟರು ಬರುವಾಗ ಅಣೆಕಟ್ಟು ತುಂಬಿದ ಮನೆಯ ಹಾಗಿರುತ್ತದೆ ಎಂದು.

ಬೆಳಗ್ಗೆ ನಾನು ಟ್ರ್ಯಾಕ್ಟರ್ ತಂದು ನಿಲ್ಲಿಸಿದಾಗ ಮಳೆ ನಿಂತಿತ್ತು. ಚಿಕ್ಕಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಯಂತ್ರದ ಮೇಲೆ ಕೂತಿದ್ದಳು. ಜಾಲರಿ ಕಟ್ಟಿಕೊಂಡಿದೆ, ನೀರು ಸರಿಯಾಗಿ ಒಳಗೆ ಹೋಗುತ್ತಿಲ್ಲ ಎಂದು ಕೆಳಗಿನಿಂದ ಫೋನು ಬಂದಿತ್ತು. "ಎಲೆ ಇರ್ಬೇಕು, ಮೊದಲ ನೀರಲ್ವಾ" ಎಂದು ಹಲ್ಲುಸಾಲು ಇಳಿಸಿದಳು. ಅದು ಮೇಲೆ ಬಂದಾಗ ಎಲೆಯ ನಡುವೆ ಏನೋ ಬೆಳ್ಳಗೆ ಮಿನುಗಿತು. ಟ್ರೇಲರಿಗೆ ಬಿದ್ದ ಸದ್ದೇ ಬೇರೆ ಥರ ಇತ್ತು.

ಹಾವುಮೀನು. ಒಂದರ ಮೇಲೊಂದು. ಎಲ್ಲ ದೊಡ್ಡವು, ಎಲ್ಲ ಬಿಳಿ ಹೊಟ್ಟೆಯವು. ನೀರಿನ ಎಳೆತಕ್ಕೆ ಜಾಲರಿಗೆ ಅಂಟಿ, ಅದರ ಮೇಲೆ ಎಲೆ ಕೂತು, ಹಿಂದಕ್ಕೂ ಹೋಗಲಾಗದೆ ಮುಂದಕ್ಕೂ ಹೋಗಲಾಗದೆ ಅಪ್ಪಚ್ಚಿಯಾಗಿ ಸತ್ತಿದ್ದವು. ಕೆಲವುಗಳ ಮೈಮೇಲೆ ಜಾಲರಿಯ ಚೌಕದ ಗುರುತು ಮೂಡಿತ್ತು. ಚಿಕ್ಕಪ್ಪ ಅಷ್ಟು ನುಣ್ಣಗೆ ತಿಕ್ಕಿದ ಜಾಲರಿ. ಚಿಕ್ಕಮ್ಮ ಮತ್ತೆ ಇಳಿಸಿದಳು, ಮತ್ತೆ ಬಂದವು. ಇನ್ನೊಮ್ಮೆ ಇಳಿಸಿದಳು. ಚಕ್ರದಲ್ಲಿ ಸಿಕ್ಕಿ ಕೆಲವಾದರೂ ಬದುಕಿ ಹೋಗುತ್ತಿದ್ದವಲ್ಲ, ಇಲ್ಲಿ ಯಾವುದೂ ಹೋಗಿರಲಿಲ್ಲ. ನಾನು ರಾಶಿಗೆ ಕೈ ಹಾಕಿ ಜೀವವಿದ್ದವನ್ನು ಹೆಕ್ಕಿ ನೀರು ತುಂಬಿದ ಡ್ರಮ್ಮಿಗೆ ಬಿಟ್ಟೆ. ಡ್ರಮ್ಮಿನ ತಳ ಮುಚ್ಚುವಷ್ಟೂ ಸಿಗಲಿಲ್ಲ.

ಆ ಹೊತ್ತಿಗೆ ಚಿಕ್ಕಪ್ಪ ಹೊಸ ಪ್ಯಾಂಟು ಹಾಕಿಕೊಂಡು, ಅಳತೆ ಟೇಪು ಕಿಸೆಯಲ್ಲಿಟ್ಟುಕೊಂಡು ಬಂದರು. ಟ್ರೇಲರಿನೊಳಗೆ ನೋಡಿದರು. ಆಮೇಲೆ ರಸ್ತೆಯ ಕಡೆ ನೋಡಿದರು. ರಸ್ತೆಯಲ್ಲಿ ಇನ್ನೂ ಯಾರೂ ಇರಲಿಲ್ಲ.

ಟ್ರೇಲರ್ ತುಂಬಿದರೆ ಒಯ್ದು ಗುಂಡಿಗೆ ಸುರಿದು ಬರುವುದು ನನ್ನ ಕೆಲಸ. ಇಂಜಿನ್ ಶುರು ಮಾಡಿದೆ. ಕಸದ ಗುಂಡಿ ತಿರುವಿನ ಆಚೆ, ಯಾರ ಕಣ್ಣಿಗೂ ಬೀಳದ ಕಡೆ ಇದೆ. ಬಾಚಿ ತೆಗೆದ ಜಾಲರಿ ತೊಳೆದಷ್ಟು ಸ್ವಚ್ಛವಾಗಿತ್ತು. ಬಂದವರು ಅದನ್ನು ನೋಡಿ, ಮೆಚ್ಚಿ, ಟೀ ಕುಡಿದು, ಕೆಲಸ ಒಪ್ಪಿಸಿ ಹೋಗಬಹುದಿತ್ತು. ಯಾರೂ ಯಾರಿಗೂ ಇದನ್ನು ಹೇಳಲಿಲ್ಲ, ಮೂವರಿಗೂ ಗೊತ್ತಿತ್ತು.

"ಇಂಜಿನ್ ಆಫ್ ಮಾಡೇ" ಎಂದಳು ಚಿಕ್ಕಮ್ಮ.

"ಅವ್ರು ಬರೋ ಹೊತ್ತಾಯ್ತು ಚಿಕ್ಕಮ್ಮ."

"ಅದಕ್ಕೇ ಹೇಳ್ತಿರೋದು. ಆಫ್ ಮಾಡು."

ಅವಳು ಯಂತ್ರದಿಂದ ಇಳಿದು ಚಿಕ್ಕಪ್ಪನ ಎದುರು ನಿಂತಳು. "ರೀ, ನಿಮ್ಮ ಕೆಲಸದಲ್ಲಿ ಏನೂ ತಪ್ಪಿಲ್ಲ. ನಾನು ಹೇಳಿದ್ದನ್ನ ನೀವು ಮಾಡಿದ್ರಿ, ಚೆನ್ನಾಗೇ ಮಾಡಿದ್ರಿ. ಹೇಳಿದ್ದೇ ತಪ್ಪು." ಚಿಕ್ಕಪ್ಪ ಟೇಪನ್ನು ಕಿಸೆಯಲ್ಲೇ ಹಿಂಡುತ್ತಿದ್ದರು. "ಶೆಡ್ಡು ದೊಡ್ಡದಾಗ್ತಿತ್ತು" ಎಂದರು, ಅಷ್ಟೆ. "ಆಗ್ತಿತ್ತು" ಎಂದಳು ಅವಳು. ಅವರು ಟ್ರೇಲರಿನ ಹಿಂಬಾಗಿಲು ಕಳಚಿ ಕೆಳಗಿಳಿಸಿದರು, ಒಳಗಿರುವುದು ಎಲ್ಲರಿಗೂ ಕಾಣುವ ಹಾಗೆ. ಅವರ ಮೇಲೆ ನನಗೆ ಅಂದಿನಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

ಜೀಪು ಬಂತು. ಇಳಿದವರು ಇಬ್ಬರು: ಆ ಅಣೆಕಟ್ಟಿನ ಅಧಿಕಾರಿ, ಮತ್ತೆ ಅಲ್ಲಿ ಚಿಕ್ಕಮ್ಮನದೇ ಕೆಲಸ ಮಾಡುವ ಒಬ್ಬ ಹಿರಿಯ, ಗಡ್ಡ ನೆರೆತವನು. ಅವರನ್ನು ಕರೆತರುತ್ತಿದ್ದ ನಮ್ಮ ಮೇಡಂ ಟ್ರೇಲರ್ ನೋಡಿ ನಿಂತುಬಿಟ್ಟರು. ಚಿಕ್ಕಮ್ಮ ಅವರಿಗೂ ಬಾಯಿ ತೆರೆಯಲು ಬಿಡಲಿಲ್ಲ.

"ನಮಸ್ಕಾರ. ಜಾಲರಿ ನೋಡೋಕೆ ಬಂದಿದೀರಿ, ಮೊದಲು ಇದನ್ನ ನೋಡಿ. ಇದು ನಮ್ಮ ಜಾಲರಿ ಒಂದೇ ರಾತ್ರೀಲಿ ಮಾಡಿದ ಕೆಲಸ. ಹೋದ ವರ್ಷ ನೀರು ಮೆತ್ತಗಿತ್ತು, ಮೀನುಗಳು ಜಾಲರಿಗೆ ಮುಟ್ಟಿ ವಾಪಸ್ ಹೋದವು. ನಾನು ಅದನ್ನೇ ಗೆದ್ದೆ ಅಂದ್ಕೊಂಡೆ. ವಾಪಸ್ ಹೋದವು ಎಲ್ಲಿಗೆ ಹೋದ್ವು, ಸಮುದ್ರಕ್ಕೆ ಹೇಗೆ ಹೋಗ್ಬೇಕು ಅಂತ ಕೇಳ್ಕೊಳ್ಳಲೇ ಇಲ್ಲ. ಈ ಸಲ ಅವೆಲ್ಲ ಒಟ್ಟಿಗೆ ಬಂದಿವೆ. ಎಳೆತಾನೂ ಜೋರಿತ್ತು. ಮೇಡಂ ಇದನ್ನ ಮೊದಲೇ ಹೇಳಿದ್ರು, ನಾನೇ ಅವರ ತಲೆ ತಿಂದು ಹಾಕಿಸಿದ್ದು."

ಪತ್ರಿಕೆಯಲ್ಲಿ ಬಂದಿತ್ತಲ್ಲ ಎಂದು ಅಧಿಕಾರಿ ಗೊಣಗಿದರು. ಹಿರಿಯ ಮಾತ್ರ ಬಗ್ಗಿ ಒಂದು ಮೀನನ್ನು ಎತ್ತಿ, ಮೈಮೇಲಿನ ಗುರುತಿನ ಮೇಲೆ ಬೆರಳಾಡಿಸಿದ. "ಎಲ್ಲಿ ತಪ್ಪಾಯ್ತು ತಂಗಿ?" ಎಂದು ಕೇಳಿದ.

"ನಮ್ಮ ಕೆಲಸದಲ್ಲೇ ಅಣ್ಣಾ. ಬೆಳಗಾದ್ರೆ ಬರೋದನ್ನ ತಡೆಯೋದು, ಎತ್ತೋದು. ಕಸಾನೂ ಅಷ್ಟೇ, ಸೋಫಾನೂ ಅಷ್ಟೇ. ಮೀನೂ ಹಾಗೇ ಅಂದ್ಕೊಂಡೆ. ತಡೆದ್ರೆ ಉಳೀತು ಅಂತ. ಅದಕ್ಕೆ ಬೇಕಾಗಿದ್ದು ತಡೆಯೋರಲ್ಲ. ಗೋಡೆ ಕಟ್ಟಿಬಿಟ್ಟು ಬಾಗಿಲೇ ಇಡದ ಮೇಸ್ತ್ರಿ ಕೆಲಸ ಆಯ್ತು ನಂದು."

ಹಿರಿಯ ತಲೆಯಾಡಿಸಿದ. "ನಾನಾಗಿದ್ರೂ ಹಾಗೇ ಮಾಡ್ತಿದ್ದೆ" ಎಂದ. ಅವನೂ ಜೀವನವಿಡೀ ಬಾಚಿದವನೇ.

ಆಗ ಮೇಡಂ ಕೈ ಬಾಯಿಗಿಟ್ಟುಕೊಂಡು ನೀರಿನ ಕಡೆ ನೋಡುತ್ತಿದ್ದರು. "ಬಾಗಿಲು ಇದೆ" ಎಂದರು. ಎಲ್ಲರೂ ತಿರುಗಿದೆವು. ಜಾಲರಿಯ ಎಡಗಡೆಯ ಮೂಲೆಯ ಹಿಂದೆ, ನೀರಿನ ತಳದಲ್ಲಿ, ಹೂಳು ಹೊರಗೆ ಬಿಡುವ ಹಳೆಯ ತೂಬೊಂದಿದೆ. ವರ್ಷಕ್ಕೊಮ್ಮೆ ಕೆಸರು ಬಿಡಲು ತೆರೆಯುವುದು ಬಿಟ್ಟರೆ ಮುಚ್ಚಿಯೇ ಇರುತ್ತದೆ. ಅದರಿಂದ ಹೊರಟ ನೀರು ಚಕ್ರದ ಗೊಡವೆಯಿಲ್ಲದೆ, ಕಲ್ಲಿನ ಕಾಲುವೆಯಲ್ಲಿ ಹರಿದು ಕೆಳಗೆ ನದಿ ಸೇರುತ್ತದೆ. ಹಾವುಮೀನು ತಡೆ ಸಿಕ್ಕರೆ ತಳಕ್ಕಿಳಿದು ಸಂದಿ ಹುಡುಕುತ್ತದೆ ಎಂದು ತಾನು ಓದಿದ್ದೇನೆ, ಇಲ್ಲಿ ಹುಡುಕಿದರೆ ಸಿಗುವುದು ಆ ತೂಬೇ ಎಂದರು ಮೇಡಂ. "ಮೂಲೆಯ ಜಾಲರಿ ತುಂಡನ್ನ ಎತ್ತಿ, ಕೆಳಗೆ ತೂಬಿನ ಬಾಯಿಗೆ ಸರಿಯಾಗಿ ಕತ್ತರಿಸಿ ದಾರಿ ಮಾಡ್ಬೇಕು. ತೂಬಿನ ಪಕ್ಕದ ಎರಡು ಚಕ್ರ ನಿಲ್ಲಿಸ್ಬೇಕು, ಇಲ್ಲದಿದ್ರೆ ಎಳೆತ ಕಡಿಮೆ ಆಗಲ್ಲ."

"ನೀರು ಕರೆಂಟಾಗದೆ ಸುಮ್ನೆ ಹೋಗುತ್ತಲ್ಲ ಮೇಡಂ. ಮೇಲಿನವರು ಒಪ್ತಾರಾ?" ಎಂದೆ ನಾನು. ಸಂಜೆ ಮತ್ತೆ ಮಳೆ ಬರುವ ಹಾಗಿತ್ತು. ಮೇಲಿನ ಹಳ್ಳಗಳಲ್ಲಿ ಇನ್ನೆಷ್ಟು ಹಾವುಮೀನುಗಳು ಕಾದಿದ್ದವೋ. ಅವು ಇಂದು ಇಳಿದರೆ ಅದೇ ಜಾಲರಿಗೆ ಬಂದು ಅಂಟಬೇಕು.

ಚಿಕ್ಕಮ್ಮ ಮೇಡಂ ಮುಖವನ್ನೇ ನೋಡುತ್ತಿದ್ದಳು. ನೋಡೋಣ ಅನ್ನುತ್ತಾರೆ ಎಂದು ಕಾಯುತ್ತಿದ್ದಳು, ಅಂದರೂ ಈ ಸಲ ಜಗಳಕ್ಕೆ ಬಾಯಿರಲಿಲ್ಲ. ಮೇಡಂ ಫೋನು ತೆಗೆದರು. ಆ ಕಡೆಯವರು ಜೋರಾಗಿ ಮಾತಾಡುತ್ತಿದ್ದದ್ದು ನಮಗೂ ಕೇಳಿಸುತ್ತಿತ್ತು. ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇಲ್ಲ ಸಾರ್, ಅನುಮತಿ ಕೇಳ್ತಿಲ್ಲ. ರಾತ್ರಿ ಜಾಲರಿ ಕಟ್ಟಿಕೊಂಡಿತ್ತು, ಸಂಜೆ ಮಳೆಗೆ ಮತ್ತೆ ಕಟ್ಟಿಕೊಳ್ಳುತ್ತೆ, ಆಗ ನಾಲ್ಕೂ ಓಡಿಸಿದ್ರೆ ಯಂತ್ರಕ್ಕೂ ಅಪಾಯ. ಎರಡು ನಿಲ್ಲಿಸ್ತಿದೀನಿ ಅಂತ ತಿಳಿಸ್ತಿದೀನಿ. ಜವಾಬ್ದಾರಿ ನಂದು" ಎಂದು ಇಟ್ಟುಬಿಟ್ಟರು. ಚಿಕ್ಕಮ್ಮ ಹೋಗಿ ಅವರ ಕೈ ಹಿಡಿದುಕೊಂಡಳು. "ಹಲ್ಲು ನೋವು ಹೇಗಿದೆ ಮೇಡಂ?" ಎಂದಳು. ಮೇಡಂಗೆ ಅಳುವಿನ ನಡುವೆ ನಗು ಬಂತು.

ಆಮೇಲೆ ಹಗಲಿಡೀ ಯಾರೂ ಕೂರಲಿಲ್ಲ. ಕ್ರೇನು ಮೂಲೆಯ ತುಂಡನ್ನು ಎತ್ತಿ ಅಣೆಕಟ್ಟಿನ ಮೇಲೆ ಮಲಗಿಸಿತು. ಚಿಕ್ಕಪ್ಪ ಹೊಸ ಪ್ಯಾಂಟಿನಲ್ಲೇ ಮೊಣಕಾಲೂರಿ, ತಾವೇ ಹಾಕಿದ ಬೆಸುಗೆಗಳನ್ನು ತಾವೇ ಕತ್ತರಿಸಿದರು. ಕಿಡಿ ಹಾರಿ ಪ್ಯಾಂಟಿನಲ್ಲಿ ತೂತು ಬಿತ್ತು. ಕತ್ತರಿಸಿದ ಅಂಚನ್ನೂ ಬಿಡದೆ ನುಣ್ಣಗೆ ತಿಕ್ಕಿದರು, ಅದು ಅವರಿಂದ ತಪ್ಪದು. ಪಕ್ಕದ ನದಿಯ ಹಿರಿಯ ಅಂಗಿ ಕಳಚಿಟ್ಟು ಕೈ ಜೋಡಿಸಿದ. ಅವರ ಅಧಿಕಾರಿ ಮೊದಲು ನಿಂತು ನೋಡಿದರು, ಮಧ್ಯಾಹ್ನದ ಹೊತ್ತಿಗೆ ಅವರ ಕೈಯಲ್ಲೂ ಒಂದು ಸ್ಪ್ಯಾನರು ಇತ್ತು. ಕೆಲಸದ ನಡುವೆ ಅವರು ಚಿಕ್ಕಪ್ಪನಿಗೆ ಮೆಲ್ಲಗೆ ಹೇಳಿದರು, "ನಮ್ಮಲ್ಲಿ ತಳದಲ್ಲಿ ಇಂಥ ತೂಬಿಲ್ಲ ಯಜಮಾನ್ರೇ. ಈ ಜಾಲರಿ ನಮಗೆ ಆಗಲ್ಲ. ಮೊದಲು ತೂಬಿನ ದಾರಿ ಹುಡುಕ್ಬೇಕು." ಚಿಕ್ಕಪ್ಪ ಕನ್ನಡಕ ಮೇಲೇರಿಸಿ, "ಹಾಕ್ಬೇಡಿ" ಎಂದರು. ಶೆಡ್ಡಿನ ಗೋಡೆ ಇವತ್ತಿಗೂ ಅಲ್ಲೇ ಇದೆ.

ಹಿರಿಯ ಹೊರಡುವ ಮುಂಚೆ ಚಿಕ್ಕಮ್ಮನನ್ನು ಕೇಳಿದ: "ಆ ಟ್ರೇಲರ್ ಖಾಲಿ ಮಾಡಿ ಕಳಿಸಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಯಾಕೆ ತೋರಿಸಿದೆ?"

"ನನ್ನ ಫೋಟೋ ಒಂದು ಊರಿನ ಗೋಡೆ ಮೇಲಿದ್ರೆ ಸಾಕು ಅಣ್ಣಾ" ಎಂದಳು ಅವಳು. ಅದು ನಗೆಮಾತು. ಆಮೇಲೆ ಬೇರೆ ದನಿಯಲ್ಲಿ, "ನಿಮ್ಮ ನದೀಲೂ ಮೀನಿದೆಯಲ್ಲ" ಎಂದಳು.

ದಾರಿ ಕತ್ತರಿಸಿದ ತುಂಡನ್ನು ಕ್ರೇನು ಮತ್ತೆ ಅದರ ಜಾಗಕ್ಕೆ ಇಳಿಸಿ, ಬೆಳಕು ಇಳಿಯುವ ಹೊತ್ತಿಗೆ ಮಳೆ ಹಿಡಿಯಿತು. ಎರಡು ಚಕ್ರಗಳ ಸದ್ದು ನಿಂತಾಗ ಅಣೆಕಟ್ಟು ಉಸಿರು ಹಿಡಿದ ಹಾಗೆ ಇತ್ತು. ಮೇಡಂ ಅಣೆಕಟ್ಟಿನ ಮೇಲೆ ನಿಂತು ತೂಬು ತೆರೆಯುವ ಕೈಚಕ್ರ ತಿರುಗಿಸಿದರು. ನಾವು ಕೆಳಗೆ, ಕಲ್ಲಿನ ಕಾಲುವೆಯ ದಂಡೆಯಲ್ಲಿ ನಿಂತಿದ್ದೆವು. ಡ್ರಮ್ಮಿನಲ್ಲಿ ಬದುಕಿದ್ದವನ್ನು ಕೆಳಗಿನ ನದಿಗೆ ಬಿಟ್ಟಾಗಿತ್ತು. ಮೊದಲು ಕಪ್ಪು ಕೆಸರು ಬಂತು, ನಾತ ಹೊಡೆಯಿತು. ಆಮೇಲೆ ನೀರು ತಿಳಿಯಾಯಿತು. ಬಹಳ ಹೊತ್ತು ಬರೀ ನೀರೇ ಬಂತು. ಚಿಕ್ಕಮ್ಮ ತಡೆಯಲಾರದೆ ಕಾಲುವೆಗೆ ಇಳಿದೇ ಬಿಟ್ಟಳು, ಮೊಣಕಾಲ ಮಟ್ಟದ ನೀರಿನಲ್ಲಿ. ಅವಳ ಹಿಂದೆ ಚಿಕ್ಕಪ್ಪನೂ ಇಳಿದರು, ಅವಳು ಜಾರಿ ಬಿದ್ದಾಳು ಎಂದು. ನಾನು ಟಾರ್ಚು ಹಿಡಿದೆ.

ಬೆಳಕಿನಲ್ಲಿ ಮೊದಲು ಒಂದು ಬೆನ್ನು ಸರಿದು ಹೋಯಿತು. ಕಪ್ಪಗೆ, ಉದ್ದಕ್ಕೆ, ಅವಸರವಿಲ್ಲದೆ. ಅದರ ಹಿಂದೆ ಇನ್ನೊಂದು. ಆಮೇಲೆ ಕಾಲುವೆಯ ತಳವೇ ಚಲಿಸುತ್ತಿರುವಂತೆ ಕಂಡಿತು. ಹಾವುಮೀನುಗಳು ಚಿಕ್ಕಮ್ಮನ ಕಾಲುಗಳ ಎರಡೂ ಬದಿಗೆ ಉಜ್ಜಿಕೊಂಡು ಇಳಿಯುತ್ತಿದ್ದವು. ಅವಳು ಕಾಲು ಜೋಡಿಸಿ, ಕೈ ಎದೆಗೆ ಕಟ್ಟಿ, ಆದಷ್ಟು ತೆಳ್ಳಗಾಗಲು ನೋಡುತ್ತಿದ್ದಳು. ಅವಳು ಅಷ್ಟು ಬಿಕ್ಕಿ ಬಿಕ್ಕಿ ಅಳುವುದನ್ನು ನಾನು ನನ್ನಮ್ಮ ಹೋದ ದಿನವೂ ಕಂಡಿರಲಿಲ್ಲ. ಆಗ ಒಂದು ದಪ್ಪನೆಯ ಮೀನು ಕಾಲುವೆಯ ನಡುವೆ ಕಂಬದ ಹಾಗೆ ನಿಂತಿದ್ದ ಚಿಕ್ಕಪ್ಪನ ಕಾಲಿಗೆ ಡಿಕ್ಕಿ ಹೊಡೆದು, ದಿಕ್ಕು ತಪ್ಪಿ ಸುತ್ತ ತಿರುಗತೊಡಗಿತು. ಚಿಕ್ಕಮ್ಮ ಕಣ್ಣೀರು ಒರೆಸಿಕೊಳ್ಳದೆಯೇ ಕಿರುಚಿದಳು.

"ರೀ! ಪಕ್ಕಕ್ಕೆ ಬನ್ರೀ, ಅದಕ್ಕೆ ದಾರಿ ಬಿಡಿ!"